ಇಪ್ಪತ್ತು ಹೆಜ್ಜೆಯ ಶಿಕಾರಿ

ತಾಳವಾಡಿ ಬೆಟ್ಟಸಾಲಿನ ಕಾಡಿನಲ್ಲಿ ನೂರು ಗಜ ದೂರದ ಜಿಂಕೆಗೆ ಗುರಿಯಿಡುವ ಸಂದರ್ಭ ಬರುವುದೇ ಅಪರೂಪ. ನೂರು ಗಜ ಕಾಣುವುದಿಲ್ಲ. ಪುಣಜನೂರಿನ ಚೆಕ್‌ಪೋಸ್ಟ್ ದಾಟಿ ಹಾಸನೂರಿನತ್ತ ಇಳಿಯಿರಿ, ಅಲ್ಲಿಂದ ತಾಳವಾಡಿಗೋ ತಲಮಲೆಗೋ ತಿರುಗಿ. ರಸ್ತೆಯ ಎರಡೂ ಬದಿಗೆ ತಲೆಮೀರಿ ಬೆಳೆದ ಲಾಂಟಾನಾ ಕಂಟಿ. ಅದರಾಚೆ ಆನೆ ನಿಂತಿದ್ದರೂ ಕಿವಿ ಬೀಸುವ ಸದ್ದಿನಿಂದ ಗೊತ್ತಾಗಬೇಕೇ ಹೊರತು ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಬಿಳಿಗಿರಿರಂಗನಬೆಟ್ಟದಲ್ಲಿ 1997ರಿಂದ 2008ರ ನಡುವೆ ಲಾಂಟಾನಾ ಹರವು ಹತ್ತಿರಹತ್ತಿರ ದುಪ್ಪಟ್ಟಾಯಿತೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬೇಸಿಗೆಯ ಮೊದಲಿಗೆ ತರಗಿಗೆ ಬೆಂಕಿ ಕೊಡುವ ಪದ್ಧತಿ ನಿಂತಮೇಲೆ ಹೀಗಾಯಿತೆಂಬುದು ಸೋಲಿಗರ ವಾದ. ಕಾರಣ ಏನೇ ಇರಲಿ, ಈ ಕಾಡಿನಲ್ಲಿ ಬೇಟೆ ನಡೆದರೆ ಅದು ಇಪ್ಪತ್ತು, ಮೂವತ್ತು ಹೆಜ್ಜೆಯ ಒಳಗೇ ನಡೆಯುತ್ತದೆ.

ಅಮೆರಿಕದ ಬೇಟೆಗಾರರು ಈ ದೂರದ ಬಗ್ಗೆ ಬಹಳ ಕಾಲದಿಂದ ಚರ್ಚೆ ಮಾಡುತ್ತ ಬಂದಿದ್ದಾರೆ. ಕಾಡು ದಟ್ಟವಾಗಿದ್ದು ಜಿಂಕೆ ಐವತ್ತು ಗಜದೊಳಗೇ ಸಿಗುವುದಾದರೆ ಉದ್ದ ನಳಿಗೆಯ ಭಾರೀ ರೈಫಲ್ ಯಾಕೆ ಬೇಕು, ಪಿಸ್ತೂಲಿನ ತೋಟೆಯನ್ನೇ ಹಾರಿಸುವ ಗಿಡ್ಡ ಕಾರ್ಬೈನ್ ಸಾಲದೇ ಎಂಬುದು ಅವರ ತಕರಾರು. ಹಗುರ, ಕಂಟಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಹೆಗಲಿಗೆ ಒದೆತ ಕಡಿಮೆ. ಕಾಗದದ ಮೇಲೆ ಇದಕ್ಕೆ ತಾಳವಾಡಿಗಿಂತ ಹೊಂದುವ ನೆಲ ಇನ್ನೊಂದಿಲ್ಲ. ಆದರೆ ಹತ್ತಿರದ ಬೇಟೆ ಏನು ಮಾಡುತ್ತದೆ ಎಂಬುದನ್ನು ಈ ಬೆಟ್ಟಗಳು ಕಾರ್ಬೈನ್ ಇಲ್ಲದೆಯೇ, ಕೇಪಿನ ಕೋವಿಯಲ್ಲಿ, ತಲೆಮಾರುಗಟ್ಟಲೆ ಕಂಡಿವೆ.

ತಾಳವಾಡಿ ಕನ್ನಡದ ಊರು. 1956ರ ರಾಜ್ಯ ಮರುವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಈಗ ಈರೋಡ್ ಜಿಲ್ಲೆಗೆ ಸೇರಿ, 2016ರಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ. ದೀಪಾವಳಿ ಮುಗಿದೊಡನೆ ಗೋರೆಹಬ್ಬದಲ್ಲಿ ಸಗಣಿ ಎರಚಾಡುವ ಗುಮಟಾಪುರ ಇಲ್ಲಿಯದೇ. ಗಾಜನೂರೂ ಇಲ್ಲಿಯದೇ. ಆ ಊರಿನ ಮುತ್ತುರಾಜು 1954ರಲ್ಲಿ ರಾಜ್‌ಕುಮಾರ್ ಆಗಿ ನಾಡಿಗೆ ಪರಿಚಯವಾದದ್ದು ‘ಬೇಡರ ಕಣ್ಣಪ್ಪ’ನ ಪಾತ್ರದಲ್ಲಿ, ಅಂದರೆ ಒಬ್ಬ ಬೇಟೆಗಾರನ ವೇಷದಲ್ಲಿ. 2000ದ ಜುಲೈ 30ರ ರಾತ್ರಿ ಅದೇ ಊರಿನ ಮನೆಯಿಂದ ಅವರನ್ನು ಹೊತ್ತೊಯ್ದ ವೀರಪ್ಪನ್ ಹುಡುಗಾಟಿಕೆಯ ವಯಸ್ಸಿನಲ್ಲೇ ಕಳ್ಳಬೇಟೆಗೆ ಇಳಿದವನು. ಕತೆಗಾರ ಕಟ್ಟಿದ್ದರೆ ಅತಿಯಾಯಿತು ಎಂದು ಸಂಪಾದಕರು ಹೊಡೆದುಹಾಕುತ್ತಿದ್ದ ಜೋಡಣೆ ಇದು.

ಕಾರ್ಬೈನಿಗೆ ಬರೋಣ. ಪಿಸ್ತೂಲಿನ ತೋಟೆಯಲ್ಲಿ ಮದ್ದು ಕಡಿಮೆ. ಅದೇ ತೋಟೆಯನ್ನು ಹದಿನಾರು ಅಂಗುಲದ ನಳಿಗೆಯಲ್ಲಿ ಹಾರಿಸಿದರೆ ಮದ್ದು ಪೂರ್ತಿ ಉರಿಯಲು, ಗುಂಡನ್ನು ಇನ್ನಷ್ಟು ಹೊತ್ತು ತಳ್ಳಲು ಅವಕಾಶ ಸಿಗುತ್ತದೆ. 9 ಎಂ.ಎಂ. ಪಿಸ್ತೂಲಿನಿಂದ ಸೆಕೆಂಡಿಗೆ 350–370 ಮೀಟರ್ ವೇಗದಲ್ಲಿ ಹೊರಡುವ ಎಂಟು ಗ್ರಾಂ ಗುಂಡು ಕಾರ್ಬೈನಿನಿಂದ 400 ಮೀಟರ್ ಮುಟ್ಟಬಹುದು. ಆಗಲೂ ಅದರ ಶಕ್ತಿ ಸುಮಾರು 640 ಜೂಲ್. ಬೆಂಗಳೂರಿನ ಕೆನೆತ್ ಆಂಡರ್ಸನ್ ತಾಳವಾಡಿ, ದಿಂಬಂ ಸುತ್ತಲ ಕಾಡುಗಳಲ್ಲಿ ಹೊತ್ತು ತಿರುಗಿದ .405 ವಿಂಚೆಸ್ಟರ್ ರೈಫಲ್ಲಿನದು 4,300 ಜೂಲಿನ ಆಸುಪಾಸು. ಹೆಚ್ಚೂಕಡಿಮೆ ಏಳು ಪಟ್ಟು.

ಪಿಸ್ತೂಲಿನ ತೋಟೆ ಎಂದಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. 1873ರ ವಿಂಚೆಸ್ಟರ್ .44-40 ತೋಟೆಯನ್ನು ಹಾರಿಸುತ್ತಿತ್ತು. ಕೆಲವೇ ವರ್ಷದಲ್ಲಿ ಕೋಲ್ಟ್ ರಿವಾಲ್ವರ್ ಕೂಡ ಅದೇ ತೋಟೆಗೆ ಬಂತು. ಸೊಂಟಕ್ಕೂ ಹೆಗಲಿಗೂ ಒಂದೇ ಮದ್ದಿನ ಚೀಲ. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಅದರಿಂದ ಸತ್ತ ಜಿಂಕೆಗೆ ಲೆಕ್ಕವಿಲ್ಲ. ಮುಂದೆ ಬಂದ .44 ಮ್ಯಾಗ್ನಮ್ ಕಾರ್ಬೈನಿನಿಂದ 2,200 ಜೂಲ್ ತನಕ ಕೊಡುತ್ತದೆ. ಅದು ಜಿಂಕೆಗೆ ಸಾಕಾಗುವ ಆಯುಧವೇ. ಇಂಡಿಯಾನಾ ರಾಜ್ಯ 2007ರಲ್ಲಿ ಪಿಸ್ತೂಲಿನ ತೋಟೆಯ ರೈಫಲ್ಲುಗಳಿಗೆ ಜಿಂಕೆ ಬೇಟೆಯಲ್ಲಿ ಅನುಮತಿ ಕೊಟ್ಟಾಗ ತೋಟೆಯ ಹಿತ್ತಾಳೆ ಕವಚ ಕನಿಷ್ಠ 1.16 ಅಂಗುಲ ಉದ್ದವಿರಬೇಕೆಂದು ಗೆರೆ ಎಳೆಯಿತು. 9 ಎಂ.ಎಂ. ತೋಟೆಯ ಕವಚ ಮುಕ್ಕಾಲು ಅಂಗುಲ. ಗೆರೆಯ ಹೊರಗೇ ಉಳಿಯಿತು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಇನ್ನೂ ಬಿಗಿ: ದೊಡ್ಡ ಜಾತಿಯ ಜಿಂಕೆಗಳಿಗೆ ನಳಿಗೆಯ ತುದಿಯಲ್ಲಿ 1,700 ಅಡಿ-ಪೌಂಡ್, ಅಂದರೆ 2,300 ಜೂಲಿಗೂ ತುಸು ಮೇಲೆ ಇರಲೇಬೇಕು. ಬೇಟೆಯನ್ನು ಹಕ್ಕೆಂದು ಒಪ್ಪುವ ನಾಡುಗಳೂ ದುರ್ಬಲ ಗುಂಡನ್ನು ಒಪ್ಪುವುದಿಲ್ಲ.

ಜಿಂಕೆ ಗುಂಡಿನ ಏಟಿಗೆ ಸಿನಿಮಾದಲ್ಲಿ ಬೀಳುವ ಹಾಗೆ ಬೀಳುವುದಿಲ್ಲ. ಶ್ವಾಸಕೋಶ, ಹೃದಯದ ಭಾಗಕ್ಕೆ ಸರಿಯಾಗಿ ತಗುಲಿದರೂ ಮಿದುಳಿಗೆ ರಕ್ತ ನಿಲ್ಲುವ ತನಕ ಅದು ಓಡುತ್ತದೆ. ಐವತ್ತು, ನೂರು ಮೀಟರ್ ಓಡಿ ಬೀಳುವುದು ಮಾಮೂಲು. ಇದು ಒಳ್ಳೆಯ ರೈಫಲ್ಲಿನ ಒಳ್ಳೆಯ ಏಟಿನ ಮಾತು. ಸಣ್ಣ ಗುಂಡು ಭುಜದ ಮೂಳೆಗೋ ಹೊಟ್ಟೆಗೋ ಬಿದ್ದರೆ ಓಟ ಗಂಟೆಗಟ್ಟಲೆ, ಸಾವು ದಿನಗಟ್ಟಲೆ. ಗುಂಡು ಆಚೆಯಿಂದ ಹೊರಬೀಳದಿದ್ದರೆ ನೆಲಕ್ಕೆ ರಕ್ತ ಇಳಿಯುವುದೂ ಕಡಿಮೆ, ಜಾಡು ಸಿಗುವುದಿಲ್ಲ. ಎಂಬತ್ತು ಕಿಲೋ ತೂಗುವ ಗಂಡು ಜಿಂಕೆಯದೇ ಈ ಪಾಡಾದರೆ, ಇನ್ನೂರು ಕಿಲೋ ದಾಟುವ ಕಡವೆಯದು ಬೇರೆ ಹೇಳಬೇಕಿಲ್ಲ.

ಹತ್ತಿರದ ಬೇಟೆಯ ಮೋಸ ಇರುವುದು ಇಲ್ಲೇ. ಯಾವ ಕಂಟಿ ಬೇಟೆಗಾರನನ್ನು ಇಪ್ಪತ್ತು ಹೆಜ್ಜೆಯ ತನಕ ಬಿಟ್ಟುಕೊಂಡಿತೋ ಅದೇ ಕಂಟಿ ಏಟು ತಿಂದ ಜಿಂಕೆಯನ್ನು ಇಪ್ಪತ್ತೊಂದನೆಯ ಹೆಜ್ಜೆಗೆ ಮುಚ್ಚಿಹಾಕುತ್ತದೆ. ಬಯಲಿನಲ್ಲಾದರೆ ಅದು ಕಣ್ಣೆದುರೇ ಮುಗ್ಗರಿಸುತ್ತದೆ, ಹೋಗಿ ಮುಗಿಸಬಹುದು. ಇಲ್ಲಿ ರಾತ್ರಿ, ಆನೆಗಳ ನಡುವೆ, ಗುಂಡಿನ ಸದ್ದು ಕೇಳಿ ಗಸ್ತಿನವರು ಬರುವ ಭಯದಲ್ಲಿ, ಜಾಡು ಹಿಡಿದು ಹೋಗುವ ಕಳ್ಳಬೇಟೆಗಾರ ಎಷ್ಟು ದೂರ ಹೋದಾನು? ಹೊಡೆಯುವ ದೂರ ಕಡಿಮೆಯಾದಷ್ಟೂ ಹುಡುಕುವ ದೂರ ಬೆಳೆಯುತ್ತದೆ. ಹತ್ತಿರ ಅಲ್ಲವೇ, ಸಣ್ಣ ಗುಂಡೇ ಸಾಕು ಎನ್ನುವ ವಾದ ಈ ಎರಡನೆಯ ದೂರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಭಾರತದಲ್ಲಿ ಈ ಆಯುಧ ಜನಸಾಮಾನ್ಯರ ಕೈಗೆ ಬರುವುದೇ ಇಲ್ಲ. 9 ಎಂ.ಎಂ. ನಮ್ಮಲ್ಲಿ ನಿಷೇಧಿತ ಬೋರ್. ಕಾರ್ಬೈನ್ ಎಂದರೆ ಕಾನ್ಪುರದ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಬ್ರಿಟನ್ನಿನ ಸ್ಟರ್ಲಿಂಗ್ ಮಾದರಿಯಂತೆ ತಯಾರಾದ, ಪೊಲೀಸರ ಹೆಗಲಿನಲ್ಲಿ ನಾವೆಲ್ಲ ನೋಡಿರುವ ಗಿಡ್ಡ ಬಂದೂಕು. ಅದನ್ನು ಮಾಡಿದ್ದೇ ಹತ್ತಿರದಲ್ಲಿರುವ ಮನುಷ್ಯರ ಮೇಲೆ ಹಾರಿಸಲು. ಶಿಕಾರಿಗೆ ಅಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ನಿಷೇಧಿತ ಆಯುಧ ಇಟ್ಟುಕೊಂಡವರಿಗೆ ಶಿಕ್ಷೆ ಏಳರಿಂದ ಹದಿನಾಲ್ಕು ವರ್ಷ. ಅಭಯಾರಣ್ಯದಲ್ಲಿ ಜಿಂಕೆ ಕೊಂದರೆ ಮೂರರಿಂದ ಏಳು ವರ್ಷ. ಅಂದರೆ ಯಾರಾದರೂ ಕಾರ್ಬೈನ್ ಹಿಡಿದು ತಾಳವಾಡಿ ಕಾಡಿಗೆ ಇಳಿದು ಸಿಕ್ಕಿಬಿದ್ದರೆ, ಸತ್ತ ಜಿಂಕೆಗಿಂತ ಕೈಯಲ್ಲಿದ್ದ ಕೋವಿಗೇ ಹೆಚ್ಚು ವರ್ಷ ಜೈಲು.

ಊರಿನವರ ಹತ್ತಿರ ಇದ್ದದ್ದು, ಈಗಲೂ ಅಲ್ಲಲ್ಲಿ ಸಿಕ್ಕಿಬೀಳುವುದು, ಕೇಪಿನ ಕೋವಿ. ಬಾಯಿಯಿಂದ ಮದ್ದು ಗಿಡಿದು, ಸೀಸದ ಉಂಡೆಯನ್ನೋ ಕಬ್ಬಿಣದ ಚೂರನ್ನೋ ತುಂಬಿ ಹಾರಿಸುವ ನಾಡಬಂದೂಕು. ಒಳಗೆ ಸುರುಳಿಗೆರೆ ಇಲ್ಲದ ನಯ ನಳಿಗೆಯಾದ್ದರಿಂದ ಗುಂಡು ಎತ್ತ ಹೋಗುತ್ತದೆಂಬ ಭರವಸೆ ಮೂವತ್ತು ಹೆಜ್ಜೆಗೆ ಮುಗಿಯುತ್ತದೆ. ಮದ್ದಿನ ಅಳತೆ ಅಂದಾಜಿನದು, ಎರಡನೆಯ ಏಟು ಹಾಕಲು ಪುರುಸೊತ್ತಿಲ್ಲ. ಮದ್ದು ಹೆಚ್ಚಾದರೆ ನಳಿಗೆ ಸಿಡಿದು ಹಾರಿಸಿದವನ ಬೆರಳೇ ಹೋಗುವುದುಂಟು. ಹೊಸ ಕಾರ್ಬೈನಿಗೂ ಈ ಹಳೇ ಕೋವಿಗೂ ನೂರೈವತ್ತು ವರ್ಷಗಳ ಅಂತರ, ಆದರೆ ಎರಡಕ್ಕೂ ಬೇಕಾದ ಷರತ್ತು ಒಂದೇ: ಜಿಂಕೆ ಹತ್ತಿರ ಬರಬೇಕು, ಅಥವಾ ಇವನು ಹತ್ತಿರ ಹೋಗಬೇಕು.

ಹತ್ತಿರ ಹೋಗುವುದು ಸುಲಭವಲ್ಲ. ಜಿಂಕೆ ಹಿಂಡಿನಲ್ಲಿ ಒಂದಲ್ಲ ಒಂದು ತಲೆ ಮೇಲೆ ಎದ್ದೇ ಇರುತ್ತದೆ. ಮರದ ಮೇಲೆ ಮುಸುವ ಕೂತಿದ್ದರೆ ಕಾವಲಿಗೆ ಇನ್ನೊಂದು ಜೊತೆ ಕಣ್ಣು. ಗಾಳಿ ತಿರುಗಿದರೆ ಸಾಕು, ಒಂದು ಕೂಗಿಗೆ ಹಿಂಡು ಮಾಯ. ಕಾಲ್ನಡಿಗೆಯಲ್ಲಿ ಇಪ್ಪತ್ತು ಹೆಜ್ಜೆಯ ತನಕ ಮುಟ್ಟುವ ವಿದ್ಯೆ ಹಿಂದೆ ಸೋಲಿಗರು, ಊರಾಳಿಗಳಂಥ ಕಾಡಿನ ಮಕ್ಕಳಿಗಷ್ಟೇ ಇತ್ತು. ಉಳಿದವರು ನೀರಿನ ಗುಂಡಿಯ ಬಳಿ, ಉಪ್ಪುನೆಕ್ಕಿನ ಬಳಿ ಮರಸು ಕೂರಬೇಕಿತ್ತು. ಅದಕ್ಕೂ ತಾಳ್ಮೆ ಬೇಕು, ಸೊಳ್ಳೆ ಕಚ್ಚಿದರೂ ಮಿಸುಕದ ಮೈ ಬೇಕು.

ಈ ವಿದ್ಯೆಯನ್ನು ಯಾರಿಗೆ ಬೇಕಾದರೂ ಸಿಗುವಂತೆ ಮಾಡಿದ್ದು ಬೆಳಕು. ಮೊದಲು ಹಣೆಗೆ ಕಟ್ಟುವ ಕಾರ್ಬೈಡ್ ದೀಪ, ಆಮೇಲೆ ಐದು ಸೆಲ್ಲಿನ ಟಾರ್ಚ್, ಜೀಪಿನ ಹೆಡ್‌ಲೈಟ್, ಈಗ ಕೆಲವೇ ನೂರು ರೂಪಾಯಿಯ ಎಲ್‌ಇಡಿ. ಜಿಂಕೆಯ ಕಣ್ಣಿನ ಹಿಂದೆ ಬೆಳಕನ್ನು ತಿರುಗಿ ಎಸೆಯುವ ಪದರವೊಂದಿದೆ. ಮಬ್ಬಿನಲ್ಲೂ ಮೇವು, ಶತ್ರು ಕಾಣಲೆಂದು ನಿಸರ್ಗ ಕೊಟ್ಟ ಅನುಕೂಲ. ಟಾರ್ಚಿನ ಮುಂದೆ ಅದೇ ಅದಕ್ಕೆ ಮುಳುವು. ಕಣ್ಣು ಜೋಡಿ ದೀಪದಂತೆ ಹೊಳೆದು ಗುರಿ ತೋರಿಸುತ್ತದೆ, ಕಣ್ಣು ಕೋರೈಸಿದ ಜಿಂಕೆ ಓಡದೆ ನಿಂತುಬಿಡುತ್ತದೆ. ನನ್ನ ಅನುಮಾನ ಏನೆಂದರೆ, ಈ ಬೆಟ್ಟಗಳಲ್ಲಿ ಕೋವಿಯ ಸುಧಾರಣೆಯಿಂದ ಸತ್ತ ಜಿಂಕೆಗಳಿಗಿಂತ ಟಾರ್ಚಿನ ಸುಧಾರಣೆಯಿಂದ ಸತ್ತವು ಹೆಚ್ಚು. ಕೋವಿ ಅದೇ ಅಜ್ಜನ ಕಾಲದ್ದು. ಬೆಳಕು ಮಾತ್ರ ವರ್ಷವರ್ಷ ಹೊಸದು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಬೇಟೆಯ ಉದ್ದೇಶವೇ ಇಲ್ಲದ ಲಾರಿಗಳ ದೀಪವೂ ಇದನ್ನೇ ಮಾಡುತ್ತಿತ್ತು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿ 10ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿತ್ತು. ತಾಳವಾಡಿಯ ತರಕಾರಿ ಬೆಳೆಗಾರರು ಮುಷ್ಕರ ಹೂಡಿದರು. ಟೊಮೆಟೊ, ಕೋಸು ರಾತ್ರಿಯೇ ಇಳಿಯದಿದ್ದರೆ ಬೆಳಗಿನ ಮಾರುಕಟ್ಟೆ ತಪ್ಪುತ್ತದೆ ಎಂಬ ಅವರ ಸಂಕಟವೂ ಸುಳ್ಳಲ್ಲ.

ಬೇಟೆಗೆ ಪರವಾನಗಿ ಇದ್ದ ಕಾಲದ ಕಾನೂನು ಈ ವಿಷಯದಲ್ಲಿ ನಾವು ಅಂದುಕೊಂಡದ್ದಕ್ಕಿಂತ ಸೂಕ್ಷ್ಮವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದೊಡನೆ ಎಲ್ಲ ಬೇಟೆಯೂ ನಿಂತಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೂಲ ಕಾಯ್ದೆಯಲ್ಲಿ ಜಿಂಕೆ, ಕಡವೆ ‘ದೊಡ್ಡ ಬೇಟೆ’ಯ ಪಟ್ಟಿಯಲ್ಲಿದ್ದವು; ಪರವಾನಗಿ ಪಡೆದು ಹೊಡೆಯಲು ಕಾಗದದ ಮೇಲೆ ಅವಕಾಶವಿತ್ತು. ಆ ಬಾಗಿಲನ್ನು ಮುಚ್ಚಿದ್ದು 1991ರ ತಿದ್ದುಪಡಿ. ಅದರ ಜೊತೆಗೇ ಹದಿನೇಳನೆಯ ಸೆಕ್ಷನ್ ಕೂಡ ಪುಸ್ತಕದಿಂದ ಹೋಯಿತು. ಪರವಾನಗಿದಾರನೂ ಏನೇನು ಮಾಡಬಾರದೆಂದು ಹೇಳುತ್ತಿದ್ದ ಸೆಕ್ಷನ್ ಅದು. ವಾಹನದಿಂದ ಹೊಡೆಯಬಾರದು. ಕೃತಕ ಬೆಳಕು ಬಳಸಬಾರದು. ಕೊಂದ ಬೇಟೆಯ ಮೇಲೆ ಬರುವ ಮಾಂಸಾಹಾರಿ ಪ್ರಾಣಿಗಳಿಗೆ ಮಾತ್ರ ವಿಶೇಷ ಅನುಮತಿಯ ವಿನಾಯಿತಿ. ರಾತ್ರಿ ಬೇಟೆ ಕೂಡದು. ಉಪ್ಪುನೆಕ್ಕು, ನೀರಿನ ಗುಂಡಿ, ಅವುಗಳ ದಾರಿಯಲ್ಲಿ ಕಾದು ಹೊಡೆಯಕೂಡದು. ನಾಯಿ ಬಿಟ್ಟು ಅಟ್ಟಕೂಡದು. ದೊಡ್ಡ ಬೇಟೆಗೆ ರೈಫಲ್ಲೇ ಬೇಕು. ನಯನಳಿಗೆಯ ಬಂದೂಕಾದರೆ ಪ್ರತ್ಯೇಕ ಅನುಮತಿ ಪಡೆದು, ಅದೂ ಒಂಟಿ ಗುಂಡಿನಿಂದ.

ಒಂದೊಂದನ್ನೂ ತಾಳವಾಡಿಯ ಕಾಡಿಗೆ ಹೊಂದಿಸಿ ನೋಡಿ. ದೂರವನ್ನು ಮೋಸದಿಂದ ಕಡಿಮೆ ಮಾಡುವ ಎಲ್ಲ ಉಪಾಯಗಳನ್ನೂ ಹೆಸರು ಹಿಡಿದು ತಡೆದಿದ್ದ ಪಟ್ಟಿ ಅದು. ಜಿಂಕೆಗೆ ತಪ್ಪಿಸಿಕೊಳ್ಳುವ ಅವಕಾಶ ಉಳಿಯಬೇಕು, ಏಟು ಬಿದ್ದರೆ ನೆಟ್ಟಗೆ ಬೀಳಬೇಕು ಎಂಬ ಎರಡು ಯೋಚನೆ ಅದರ ಹಿಂದಿದ್ದವು. ಇವತ್ತಿನ ಕಳ್ಳಬೇಟೆ ಆ ಪಟ್ಟಿಯನ್ನೇ ತಲೆಕೆಳಗಾಗಿ ಓದಿದ ಹಾಗಿದೆ.

ಆಂಡರ್ಸನ್‌ರ ಕತೆಗಳನ್ನು ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಓದಿ ಬೆಳೆದವರಿಗೆ ಮಚಾನು, ರೈಫಲ್ಲಿಗೆ ಬಿಗಿದ ಟಾರ್ಚ್, ಹತ್ತಿಪ್ಪತ್ತು ಗಜದ ಗುರಿ ಎಲ್ಲ ಬಾಯಿಪಾಠ. ಆ ಕತೆಗಳಲ್ಲಿ ಗಾಯಗೊಂಡ ಪ್ರಾಣಿಯನ್ನು ಹುಡುಕಿಕೊಂಡು ಮರುದಿನ ಕಂಟಿಗೆ ನುಗ್ಗುವ ಭಾಗವೇ ಉದ್ದವಾಗಿರುತ್ತದೆ ಎಂಬುದನ್ನು ಮಾತ್ರ ನಾವು ಸಾಹಸವೆಂದು ಓದಿಕೊಂಡೆವು. ಅದು ಸಾಹಸವೂ ಹೌದು, ಸಾಲ ತೀರಿಸುವುದೂ ಹೌದು. ನರಭಕ್ಷಕನಾದ ಎಷ್ಟೋ ಹುಲಿ, ಚಿರತೆಗಳ ಮೈಯಲ್ಲಿ ಯಾರೋ ನಾಡಬಂದೂಕಿನಿಂದ ಅರೆಬರೆ ಹೊಡೆದು ಬಿಟ್ಟ ಹಳೇ ಗಾಯ ಇರುತ್ತಿತ್ತಲ್ಲ!

1990ರ ದಶಕದಲ್ಲಿ ಈ ಬೆಟ್ಟಗಳಿಗೆ ಇನ್ನೊಂದು ಬಗೆಯ ಬಂದೂಕು ಬಂತು. ವೀರಪ್ಪನ್ ಬೆನ್ನು ಹತ್ತಿದ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಬೀಡುಬಿಟ್ಟವು. ಕೋವಿ ಇದ್ದವನು, ಕೋವಿ ಇರಬಹುದಾದವನು, ಕಾಡಿನ ದಾರಿ ಗೊತ್ತಿದ್ದವನು, ಎಲ್ಲರೂ ಅನುಮಾನಿತರೇ. ಕಾರ್ಯಪಡೆಯ ಹಿಂಸೆಯ ದೂರುಗಳ ತನಿಖೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದಿತು. 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪ್ಪಾರಪಟ್ಟಿ ಬಳಿ ವೀರಪ್ಪನ್ ಸತ್ತ. ಅಷ್ಟರಲ್ಲಿ ಕೋವಿ ಇಟ್ಟುಕೊಳ್ಳುವುದೆಂದರೆ ಮೈಮೇಲೆ ಎಳೆದುಕೊಳ್ಳುವುದು ಎಂಬ ಭಯ ಹಳ್ಳಿಗಳಲ್ಲಿ ಬೇರೂರಿತ್ತು.

ಮುಂದೆ 2008ರಲ್ಲಿ ತಾಳವಾಡಿ ಸುತ್ತಲ ಸತ್ಯಮಂಗಲದ ಕಾಡು ವನ್ಯಧಾಮವಾಯಿತು, 2011ರಲ್ಲಿ ಹಿಗ್ಗಿತು, 2013ರಲ್ಲಿ ಹುಲಿ ಮೀಸಲಾಯಿತು. ಒಟ್ಟು 1,408 ಚದರ ಕಿ.ಮೀ. ವನ್ಯಜೀವಿ ಕಾಯ್ದೆಯ 34ನೆಯ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿ.ಮೀ. ಒಳಗೆ ಇರುವ ಪರವಾನಗಿ ಕೋವಿಗಳನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಪರವಾನಗಿ ಇಲ್ಲ. ತಾಳವಾಡಿಯ ಬಹುತೇಕ ಊರುಗಳು ಆ ಹತ್ತು ಕಿ.ಮೀ. ಒಳಗೇ ಬರುತ್ತವೆ. ಹುಲಿಗಳು ಹೆಚ್ಚಿದವು, ಸಂಖ್ಯೆ ದುಪ್ಪಟ್ಟು ದಾಟಿಸಿದ್ದಕ್ಕೆ ಟಿಎಕ್ಸ್2 ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಐವತ್ತು ಪ್ರಾಣಿ ಬೇಕೆಂಬುದು ವಿಜ್ಞಾನಿಗಳ ಸಾಮಾನ್ಯ ಲೆಕ್ಕ. ಮನುಷ್ಯ ಒಂದು ಜಿಂಕೆ ಎತ್ತಿದರೆ ಅದು ಯಾರ ತಟ್ಟೆಯಿಂದ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಗಡಿಯ ಕಾಡುಗಳಲ್ಲಿ ಗುಂಡಿನ ಸದ್ದು ಅಷ್ಟಕ್ಕೇ ನಿಲ್ಲಲಿಲ್ಲ. 2023ರ ಫೆಬ್ರುವರಿಯಲ್ಲಿ ಪಾಲಾರ್ ನದಿಯ ಬಳಿ ಕರ್ನಾಟಕದ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದ ನಂತರ ತಮಿಳುನಾಡಿನ ಗೋವಿಂದಪಾಡಿಯ ಒಬ್ಬನ ಶವ ನದಿಯಲ್ಲಿ ಸಿಕ್ಕಿತು. ಜಿಂಕೆ ಬೇಟೆಗೆ ಬಂದವರೇ ಮೊದಲು ನಾಡಬಂದೂಕಿನಿಂದ ಹೊಡೆದರೆಂದು ಸಿಬ್ಬಂದಿ ಹೇಳಿದರು, ಊರಿನವರು ಒಪ್ಪಲಿಲ್ಲ. ಮೆಟ್ಟೂರು–ಮೈಸೂರು ದಾರಿಯ ಬಸ್ಸುಗಳು ಕೆಲವು ದಿನ ನಿಂತವು. ಅದೇ ವರ್ಷ ನವೆಂಬರಿನಲ್ಲಿ ಬಂಡೀಪುರದಲ್ಲಿ ಕಡವೆ ಬೇಟೆಯ ಆರೋಪದ ಗುಂಪಿನ ಯುವಕನೊಬ್ಬ ಗುಂಡಿಗೆ ಬಲಿಯಾದ. ಕತ್ತಲು, ಕಂಟಿ, ಎದುರಿಗೆ ಹೆಡ್‌ಟಾರ್ಚ್, ಇಪ್ಪತ್ತು ಹೆಜ್ಜೆ. ಆ ದೂರದಲ್ಲಿ ಕೂಗಿ ಎಚ್ಚರಿಸಲು, ಎದುರಿರುವವನು ಯಾರೆಂದು ನೋಡಲು ಯಾವ ಕಡೆಯವರಿಗೂ ಸಮಯ ಇರುವುದಿಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಶಿಕಾರಿಗೆ ಹೋದವರು ಜೊತೆಗಾರನನ್ನೇ ಪ್ರಾಣಿಯೆಂದು ಹೊಡೆದ ಸುದ್ದಿಗಳೂ ಇದೇ ದೂರದವು.

ರೈತರ ಮಾತನ್ನು ಬಿಟ್ಟರೆ ಈ ಲೇಖನ ಪೇಟೆಯವರ ಮಾತಾಗುತ್ತದೆ. ತಾಳವಾಡಿಯಲ್ಲಿ ರಾಗಿ, ಜೋಳ, ಆಲೂಗಡ್ಡೆ, ಬಾಳೆ, ಕಬ್ಬು ಇರುವ ತನಕ ರಾತ್ರಿ ಕಾವಲು ತಪ್ಪಿದ್ದಲ್ಲ. ಹೊಲಕ್ಕೆ ನುಗ್ಗಿ ಇಬ್ಬರನ್ನು ಕೊಂದ, ಜನ ‘ಕರುಪ್ಪನ್’ ಎಂದು ಕರೆದ ಆನೆಯನ್ನು 2023ರ ಏಪ್ರಿಲ್‌ನಲ್ಲಿ ಪಳಗಿದ ಕುಮ್ಕಿ ಆನೆಗಳ ನೆರವಿನಿಂದ ಹಿಡಿದು ಸಾಗಿಸಬೇಕಾಯಿತು. ಹೆಚ್ಚು ಹಾಳು ಮಾಡುವುದು ಕಾಡುಹಂದಿ. ಕೇರಳ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿಗಳ ತನಕ ಇಳಿಸಿತು. ತಮಿಳುನಾಡು 2025ರ ಜನವರಿಯಲ್ಲಿ ಮೀಸಲು ಅರಣ್ಯದಿಂದ ಮೂರು ಕಿ.ಮೀ. ಆಚೆ ಬರುವ ಹಂದಿಗಳನ್ನು ಅರಣ್ಯ ಇಲಾಖೆಯೇ ಹೊಡೆಯಬಹುದೆಂದು ಹೇಳಿತು. ಕಾಡು ಹೊಲದ ಬದುವಿಗೇ ಬಂದು ನಿಂತಿರುವ ಊರಿನವರಿಗೆ ಆ ಮೂರು ಕಿ.ಮೀ. ಎಂದರೆ ಏನೂ ಇಲ್ಲ ಎಂದೇ ಅರ್ಥ. ಬೆಳೆನಷ್ಟದ ಹೆಸರಿನಲ್ಲಿ ಜಿಂಕೆ ಮಾಂಸದ ವ್ಯಾಪಾರವೂ ನಡೆದಿದೆ, ನಿಜವಾದ ಬೆಳೆನಷ್ಟವನ್ನು ಕಳ್ಳಬೇಟೆಯ ನೆಪವೆಂದು ತಳ್ಳಿಹಾಕಿದ್ದೂ ಇದೆ.

ಕೋವಿಗೆ ಭಯ ಹೆಚ್ಚಿದ ಮೇಲೆ ಬೇಟೆ ಇನ್ನೂ ಹತ್ತಿರಕ್ಕೆ ಸರಿದಿದೆ. ಬೈಕಿನ ಕ್ಲಚ್ ತಂತಿಯ ಉರುಳಿಗೆ ಗುರಿ ಬೇಡ, ಬೆಳಕು ಬೇಡ, ಸದ್ದಿಲ್ಲ, ಬೇಟೆಗಾರ ಅಲ್ಲಿರುವುದೂ ಬೇಡ. ಹೊಡೆಯುವ ದೂರ ಸೊನ್ನೆ. ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಯೂ ಹಾಗೆಯೇ. ಬಾಯಿಗೆ ಹಾಕಿದ ಹಸುವಿನ, ಆನೆಮರಿಯ ದವಡೆಯೇ ಹಾರಿಹೋಗುತ್ತದೆ. ಕಾನೂನು ಇದನ್ನೂ ಬೇಟೆ ಎಂದೇ ಕರೆಯುತ್ತದೆ. ಉರುಳು ಒಡ್ಡುವುದೇ ಅಪರಾಧ, ಏನೂ ಬೀಳದಿದ್ದರೂ. ಆದರೆ ಹಿಡಿಯುವುದು ಹೇಗೆ? ಕೋವಿಯಾದರೆ ನೋಂದಣಿ ಇದೆ, ಸಿಡಿದ ಗುಂಡಿನ ಪರೀಕ್ಷೆ ಇದೆ, ರಾತ್ರಿ ಕೇಳಿದ ಸದ್ದಿನ ದಿಕ್ಕಿದೆ. ಮಾಂಸ ಸಿಕ್ಕರೆ ಅದು ಯಾವ ಪ್ರಾಣಿಯದೆಂದು ಹೈದರಾಬಾದಿನ ಪ್ರಯೋಗಾಲಯ ಡಿಎನ್‌ಎ ನೋಡಿ ಹೇಳುತ್ತದೆ. ಕ್ಲಚ್ ತಂತಿ ಕೊಂಡವನ ಹೆಸರನ್ನು ಯಾವ ಅಂಗಡಿಯವನೂ ಬರೆದಿಡುವುದಿಲ್ಲ. ಹೀಗಾಗಿ ಅರಣ್ಯ ಸಿಬ್ಬಂದಿ ನೀರಿನ ದಾರಿಗಳಲ್ಲಿ, ಹೊಲದ ಬೇಲಿಯಂಚಿನಲ್ಲಿ ಸಾಲಾಗಿ ನಡೆದು, ಬಗ್ಗಿ, ಒಂದೊಂದು ಗಿಡದ ಬುಡವನ್ನೂ ಕೈಯಿಂದ ತಡವಿ ನೋಡಬೇಕಾಗಿದೆ.